ಅಳದೆ ಹುಟ್ಟಿದ ಮಗುವಿನ ಮೊದಲ ಮೂರು ದಿನ

ನವಜಾತ ಶಿಶು ಘಟಕದಿಂದ ಮಗು ಮನೆಗೆ ಬರುವಾಗ ಜೊತೆಗೊಂದು ಡಿಸ್ಚಾರ್ಜ್ ಕಾರ್ಡ್ ಬರುತ್ತದೆ. ಅಜ್ಜಿಯ ಕಣ್ಣು ಮಗುವಿನ ಮೇಲೆ, ಅಪ್ಪನ ಕಣ್ಣು ಬಿಲ್ಲಿನ ಮೇಲೆ. ಕಾರ್ಡು ಪ್ಲಾಸ್ಟಿಕ್ ಕವರಿನೊಳಗೆ ಸೇರಿ ಬೀರುವಿನ ತಳ ಮುಟ್ಟುತ್ತದೆ. ಎಂಟು ತಿಂಗಳಾದರೂ ಮಗುವಿನ ಕತ್ತು ನಿಂತಿಲ್ಲ ಎಂಬ ಆತಂಕ ಶುರುವಾದಾಗ ಅದನ್ನು ಮತ್ತೆ ಹುಡುಕಿ ತೆಗೆಯುತ್ತಾರೆ. ಅದರಲ್ಲಿ ಹೀಗೆ ಬರೆದಿರುತ್ತದೆ: ಹುಟ್ಟಿದ ಕೂಡಲೇ ಅಳಲಿಲ್ಲ. ಎಪ್‌ಗಾರ್ ಅಂಕ 2, 4, 6. ಹೊಕ್ಕುಳಬಳ್ಳಿಯ ರಕ್ತದ ಪಿಎಚ್ 6.92. ಎಚ್‌ಐಇ, ಎರಡನೆಯ ಹಂತ. 14ನೆಯ ಗಂಟೆಗೆ ಸೆಳವು (ಫಿಟ್ಸ್), ಫೀನೋಬಾರ್ಬಿಟೋನ್ ಕೊಡಲಾಗಿದೆ.

ಇದು ಯಾವುದೋ ಒಂದು ಮಗುವಿನ ಕಾರ್ಡಲ್ಲ. ಇಂಥ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಇರುವ ಸಾಲುಗಳನ್ನು ಸೇರಿಸಿ ನಾನೇ ಮಾಡಿಕೊಂಡ ಮಾದರಿ. ಈ ಐದು ಸಾಲು ಏನು ಹೇಳುತ್ತವೆ ಎಂದು ಬಿಡಿಸಿ ನೋಡುವುದು ಈ ಬರಹದ ಕೆಲಸ. ನಮ್ಮ ಮನೆಗಳಲ್ಲಿ ಇದನ್ನೆಲ್ಲ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ: ‘ಹುಟ್ಟಿದಾಗ ಅಳಲಿಲ್ಲವಂತೆ, ಅದಕ್ಕೇ ಹೀಗೆ.’ ಆಗಬೇಕಾದದ್ದೆಲ್ಲ ಆ ಒಂದು ನಿಮಿಷದಲ್ಲೇ ಆಗಿಹೋಯಿತು ಎಂಬಂತೆ. ನಿಜದಲ್ಲಿ ಮೆದುಳಿಗೆ ಏಟು ಎರಡು ಸಲ ಬೀಳುತ್ತದೆ, ಎರಡರ ನಡುವೆ ಕೆಲವು ಗಂಟೆಗಳ ಬಿಡುವಿರುತ್ತದೆ. ಕಳೆದ ನಾಲ್ಕು ದಶಕಗಳ ನವಜಾತ ಶಿಶು ವೈದ್ಯಶಾಸ್ತ್ರ ಬಹುಮಟ್ಟಿಗೆ ಆ ಬಿಡುವಿನ ಬೆನ್ನು ಹತ್ತಿದ ಕಥೆ.

ಮೊದಲು ಗರ್ಭದೊಳಗೆ ಹೋಗೋಣ. ಹೊಟ್ಟೆಯಲ್ಲಿರುವ ಮಗುವಿಗೆ ಶ್ವಾಸಕೋಶ ಇದ್ದೂ ಇಲ್ಲದಂತೆ. ಅದರ ಉಸಿರು ಇರುವುದು ಮಾಸಿನಲ್ಲಿ. ತಾಯಿಯ ರಕ್ತ ಮಾಸಿಗೆ ಬರುವ ನಾಳಗಳು ಗರ್ಭಕೋಶದ ಸ್ನಾಯುವನ್ನು ಹಾದೇ ಬರಬೇಕು. ಹೆರಿಗೆ ನೋವು ಬಂದಾಗಲೆಲ್ಲ ಆ ಸ್ನಾಯು ಬಿಗಿದು ನಾಳಗಳನ್ನು ಹಿಚುಕುತ್ತದೆ. ಮಗುವಿಗೆ ಬರುವ ಆಮ್ಲಜನಕ ಅಷ್ಟು ಹೊತ್ತು ಕಡಿಮೆಯಾಗುತ್ತದೆ. ನೋವು ಇಳಿದಾಗ ಮತ್ತೆ ಹರಿಯುತ್ತದೆ. ನೀರಿನಲ್ಲಿ ಮುಳುಗಿ ಏಳುವ ಈಜುಗಾರನ ಹಾಗೆ ಮಗು ಪ್ರತಿ ನೋವಿಗೂ ಉಸಿರು ಹಿಡಿದು, ನಡುವಿನ ಬಿಡುವಿನಲ್ಲಿ ಉಸಿರು ತೆಗೆದುಕೊಳ್ಳುತ್ತದೆ. ಆರೋಗ್ಯವಂತ ಮಗು ಇದನ್ನು ಗಂಟೆಗಟ್ಟಲೆ ತಾಳಿಕೊಳ್ಳುತ್ತದೆ.

ಬಿಡುವೇ ಇಲ್ಲವಾದರೆ ತೊಂದರೆ. ಹತ್ತು ನಿಮಿಷಕ್ಕೆ ಐದಕ್ಕಿಂತ ಹೆಚ್ಚು ನೋವು ಬರುತ್ತಿದ್ದರೆ ಅದನ್ನು ಅತಿಯೆಂದೇ ಲೆಕ್ಕ ಹಿಡಿಯುತ್ತಾರೆ. ‘ನೋವು ಬರಲು ಡ್ರಿಪ್ ಹಾಕಿದರು’ ಎಂದು ನಾವು ಹೇಳುವ ಆ ಡ್ರಿಪ್ಪಿನಲ್ಲಿರುವುದು ಆಕ್ಸಿಟೋಸಿನ್. ಸರಿಯಾದ ಅಳತೆಯಲ್ಲಿ, ಮಗುವಿನ ಎದೆಬಡಿತ ಕೇಳುತ್ತ ಕೊಟ್ಟರೆ ಅದು ಬಹಳ ಉಪಯೋಗದ ಔಷಧ. ಬೇಗ ಮುಗಿಯಲಿ ಎಂಬ ಅವಸರಕ್ಕೆ, ಅಳತೆಯಿಲ್ಲದೆ ಸೂಜಿಯಲ್ಲಿ ಚುಚ್ಚಿದರೆ ಮಗುವಿನ ಬಿಡುವನ್ನು ಕಸಿಯುವ ಔಷಧ. ಬೇಗ ಹೆರಿಗೆ ಮಾಡಿಸಿದವರು ಒಳ್ಳೆಯವರು ಎಂಬ ನಮ್ಮ ನಂಬಿಕೆಗೂ ಇದರಲ್ಲಿ ಪಾಲಿದೆ ಎಂದು ನನಗೆ ಅನಿಸುತ್ತದೆ. ಇನ್ನು ಕೆಲವು ಕಾರಣಗಳು ಯಾರ ಕೈಯಲ್ಲೂ ಇರುವುದಿಲ್ಲ: ಮಾಸು ಗರ್ಭಕೋಶದ ಗೋಡೆಯಿಂದ ಮೊದಲೇ ಕಳಚುವುದು, ನೀರು ಒಡೆದಾಗ ಹೊಕ್ಕುಳಬಳ್ಳಿ ಮಗುವಿಗಿಂತ ಮುಂದಾಗಿ ಜಾರಿಬರುವುದು, ಹಿಂದಿನ ಸಿಸೇರಿಯನ್ ಹೊಲಿಗೆ ಬಿರಿಯುವುದು. ‘ಬಳ್ಳಿ ಕುತ್ತಿಗೆಗೆ ಸುತ್ತಿಕೊಂಡಿತ್ತು’ ಎಂಬುದನ್ನು ಮಾತ್ರ ಎಲ್ಲಕ್ಕೂ ಕಾರಣವೆಂದು ಹೇಳಲಾಗದು. ನಾಲ್ಕೈದು ಹೆರಿಗೆಗಳಲ್ಲಿ ಒಂದರಲ್ಲಿ ಅದು ಸುತ್ತಿಕೊಂಡೇ ಇರುತ್ತದೆ. ಬಹುಪಾಲು ಮಕ್ಕಳು ಏನೂ ಆಗದೆ ಹುಟ್ಟುತ್ತವೆ.

ಆಮ್ಲಜನಕ ಕಡಿಮೆಯಾದಾಗ ಮಗು ಸುಮ್ಮನಿರುವುದಿಲ್ಲ. ಎದೆಬಡಿತ ನಿಧಾನವಾಗುತ್ತದೆ. ಚರ್ಮ, ಕರುಳು, ಮೂತ್ರಪಿಂಡಗಳಿಗೆ ಹೋಗುವ ರಕ್ತವನ್ನು ಕಡಿತಗೊಳಿಸಿ ಮೆದುಳು, ಹೃದಯ, ಅಡ್ರಿನಲ್ ಗ್ರಂಥಿಗಳಿಗೆ ತಿರುಗಿಸುತ್ತದೆ. ಇಂಥ ಮಕ್ಕಳು ಬಿಳಿಚಿಕೊಂಡು ಹುಟ್ಟುವುದು, ಮೊದಲ ಒಂದೆರಡು ದಿನ ಮೂತ್ರ ಸರಿಯಾಗಿ ಹೋಗದಿರುವುದು ಈ ತ್ಯಾಗದ ಗುರುತು. ಈ ಉಪಾಯವೂ ಸೋತು ರಕ್ತದೊತ್ತಡ ಕುಸಿದಾಗ ಮೆದುಳಿಗೆ ಆಮ್ಲಜನಕವೂ ಇಲ್ಲ, ರಕ್ತದ ಹರಿವೂ ಇಲ್ಲ. ಕಾರ್ಡಿನಲ್ಲಿರುವ ಎಚ್‌ಐಇ, ಅಂದರೆ ಹೈಪಾಕ್ಸಿಕ್ ಇಸ್ಕೀಮಿಕ್ ಎನ್ಸೆಫಲೋಪತಿ ಎಂಬ ಉದ್ದ ಹೆಸರು ಇದನ್ನೇ ಹೇಳುತ್ತದೆ: ಆಮ್ಲಜನಕದ ಕೊರತೆ, ರಕ್ತಹರಿವಿನ ಕೊರತೆ, ಅದರಿಂದ ಮಂಕಾದ ಮೆದುಳು. ಶ್ರೀಮಂತ ದೇಶಗಳಲ್ಲಿ ಸಾವಿರ ಹೆರಿಗೆಗೆ ಒಂದರಿಂದ ಮೂರು ಮಕ್ಕಳಲ್ಲಿ ಇದು ಕಾಣಿಸುತ್ತದೆ. ಭಾರತದಂಥ ದೇಶಗಳಲ್ಲಿ ಅದರ ಹಲವು ಪಟ್ಟು.

ಅಂಕಗಳ ಲೆಕ್ಕ

ಎಪ್‌ಗಾರ್ ಅಂಕ ಕಂಡರೆ ಹೆತ್ತವರಿಗೆ ಪರೀಕ್ಷೆಯ ಫಲಿತಾಂಶ ಕಂಡಂತೆ. ಅರಿವಳಿಕೆ ತಜ್ಞೆ ವರ್ಜೀನಿಯಾ ಎಪ್‌ಗಾರ್ 1952ರಲ್ಲಿ ನ್ಯೂಯಾರ್ಕಿನಲ್ಲಿ ಈ ಪದ್ಧತಿಯನ್ನು ರೂಪಿಸಿದರು. ಬಣ್ಣ, ಎದೆಬಡಿತ, ಕೆರಳಿಸಿದಾಗಿನ ಪ್ರತಿಕ್ರಿಯೆ, ಕೈಕಾಲಿನ ಬಿಗಿ, ಉಸಿರಾಟ: ಒಂದೊಂದಕ್ಕೂ ಸೊನ್ನೆಯಿಂದ ಎರಡು. ಕಾರ್ಡಿನ 2, 4, 6 ಒಂದನೆಯ, ಐದನೆಯ, ಹತ್ತನೆಯ ನಿಮಿಷದ ಅಂಕಗಳು. ಆಗ ಹುಟ್ಟಿದ ಮಗುವನ್ನು ಸರಿಯಾಗಿ ನೋಡುವವರೇ ಇರಲಿಲ್ಲ. ತಾಯಿಯ ಕಡೆ ತಿರುಗಿದ್ದ ಕಣ್ಣುಗಳನ್ನು ಒಂದು ನಿಮಿಷ ಮಗುವಿನ ಕಡೆ ತಿರುಗಿಸುವುದು ಅವರ ಉದ್ದೇಶವಾಗಿತ್ತು. ಮಗು ಮುಂದೆ ಹೇಗಿರುತ್ತದೆ ಎಂದು ಹೇಳುವ ಅಳತೆ ಅದಲ್ಲ. ಮೊದಲ ನಿಮಿಷದಲ್ಲಿ ಎರಡು ಬಂದು ಐದನೆಯ ನಿಮಿಷಕ್ಕೆ ಎಂಟಾದ ಮಗುವಿನ ಬಗ್ಗೆ ವೈದ್ಯರು ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಹತ್ತನೆಯ ನಿಮಿಷದಲ್ಲೂ ಐದನ್ನು ದಾಟದಿದ್ದರೆ ಎಚ್ಚರಗೊಳ್ಳುತ್ತಾರೆ.

ಅಂಕಕ್ಕಿಂತ ನಿಖರ ಸಾಕ್ಷಿ ಹೊಕ್ಕುಳಬಳ್ಳಿಯ ರಕ್ತ. ಆಮ್ಲಜನಕವಿಲ್ಲದೆ ಸಕ್ಕರೆ ಸುಟ್ಟ ಜೀವಕೋಶ ಆಮ್ಲವನ್ನು ಉಳಿಸುತ್ತದೆ; ಆಮ್ಲ ಹೆಚ್ಚಿದಷ್ಟೂ ಪಿಎಚ್ ಎಂಬ ಅಳತೆ ಇಳಿಯುತ್ತದೆ. ಏಳಕ್ಕಿಂತ ಕೆಳಗೆ ಹೋದರೆ ಗಂಭೀರ. ಅಂಕಿಯಲ್ಲಿ ವ್ಯತ್ಯಾಸ ಸಣ್ಣದಾಗಿ ಕಾಣುತ್ತದೆ, ಆದರೆ ಈ ಅಳತೆಗೋಲಿನ ಗುಣವೇ ಬೇರೆ: 7.3ರಿಂದ 7.0ಕ್ಕೆ ಇಳಿದರೆ ರಕ್ತದ ಆಮ್ಲೀಯತೆ ಎರಡರಷ್ಟಾಯಿತು ಎಂದರ್ಥ. ಹೆರಿಗೆಯಾದ ಕೂಡಲೇ ಬಳ್ಳಿಯ ಒಂದು ತುಂಡನ್ನು ಎರಡೂ ಕಡೆ ಕ್ಲಿಪ್ ಹಾಕಿ ಇಟ್ಟುಕೊಂಡರೆ ಈ ಪರೀಕ್ಷೆ ಮಾಡಬಹುದು. ಕಷ್ಟದಲ್ಲಿ ಹುಟ್ಟಿದ ಎಷ್ಟೋ ಮಕ್ಕಳ ಬಳ್ಳಿ ಪರೀಕ್ಷೆಯಿಲ್ಲದೆ ಬಕೆಟ್ ಸೇರುತ್ತದೆ, ಆಮೇಲೆ ವರ್ಷಗಟ್ಟಲೆ ವಾದ ನಡೆಯುತ್ತದೆ.

ಅಳದೆ ಹುಟ್ಟಿದ ಮಗುವಿಗೆ ಬೇಕಾದದ್ದು ಮೊದಲ ನಿಮಿಷದಲ್ಲೇ ಗಾಳಿ. ನೂರರಲ್ಲಿ ಸುಮಾರು 85 ಮಕ್ಕಳು ತಾವಾಗಿಯೇ ಉಸಿರಾಡುತ್ತವೆ. ಹತ್ತಕ್ಕೆ ಬಟ್ಟೆಯಿಂದ ಒರೆಸಿ ಬೆನ್ನುಜ್ಜಿದರೆ ಸಾಕು. ಉಳಿದ ನಾಲ್ಕೈದಕ್ಕೆ ಬ್ಯಾಗ್ ಮತ್ತು ಮಾಸ್ಕಿನಿಂದ ಗಾಳಿ ಒತ್ತಬೇಕಾಗುತ್ತದೆ. ತಲೆಕೆಳಗಾಗಿ ಹಿಡಿದು ಬೆನ್ನಿಗೆ ಹೊಡೆಯುವ ಹಳೆಯ ಪದ್ಧತಿಗೆ ಈಗ ಜಾಗವಿಲ್ಲ. ಇಲ್ಲೊಂದು ಸೋಜಿಗವಿದೆ. ಆಮ್ಲಜನಕವಿಲ್ಲದೆ ಬಳಲಿದ ಮಗುವಿಗೆ ನೂರಕ್ಕೆ ನೂರು ಆಮ್ಲಜನಕ ಕೊಡುವುದೇ ನ್ಯಾಯ ಅನ್ನಿಸುತ್ತದಲ್ಲವೇ? ದೆಹಲಿಯ ವೈದ್ಯರು 1990ರ ದಶಕದಲ್ಲಿ ಮಾಡಿದ ಪ್ರಯೋಗಗಳು ಈ ನಂಬಿಕೆಯನ್ನು ಅಲುಗಾಡಿಸಿದವು. ದಿನ ತುಂಬಿದ ಮಗುವಿಗೆ ನಾವು ಉಸಿರಾಡುವ ಮಾಮೂಲಿ ಗಾಳಿಯಿಂದಲೇ ಶುರುಮಾಡಬೇಕೆಂಬುದು ಈಗಿನ ನಿಯಮ. ಹಸಿದವನ ಮುಂದೆ ಒಮ್ಮೆಲೇ ಊಟ ಸುರಿದರೆ ಹೊಟ್ಟೆ ಕೆಡುವಂತೆ, ಒಮ್ಮೆಲೇ ನುಗ್ಗಿದ ಆಮ್ಲಜನಕವೂ ಜೀವಕೋಶವನ್ನು ಹಾಳುಮಾಡುತ್ತದೆ.

ಬಣವೆಯೊಳಗಿನ ಕೆಂಡ

ಮಗು ಅತ್ತಿತು, ಬಣ್ಣ ಬಂತು, ಹೊರಗೆ ಕಾದು ಕುಳಿತವರು ಕೈ ಮುಗಿದರು. ಒಳಗೆ ಏನಾಗಿದೆ?

ನರಕೋಶದ ಗೋಡೆಯಲ್ಲಿ ಸೋಡಿಯಂ ಉಪ್ಪನ್ನು ಸದಾ ಹೊರಗೆ ತಳ್ಳುವ ಪಂಪುಗಳಿವೆ. ಶಕ್ತಿ ಸಿಗದೆ ಅವು ನಿಂತಾಗ ಉಪ್ಪು ಒಳಗೇ ಉಳಿಯುತ್ತದೆ, ಅದರ ಹಿಂದೆ ನೀರು ನುಗ್ಗುತ್ತದೆ, ಕೋಶ ಊದಿಕೊಳ್ಳುತ್ತದೆ. ಊದಿದ ಕೋಶದಿಂದ ಗ್ಲುಟಮೇಟ್ ಎಂಬ ರಾಸಾಯನಿಕ ಸೋರುತ್ತದೆ. ಒಂದು ನರಕೋಶ ಇನ್ನೊಂದಕ್ಕೆ ‘ಎಚ್ಚರಾಗು’ ಎಂದು ಹೇಳಲು ಹನಿಹನಿಯಾಗಿ ಬಳಸುವ ವಸ್ತು ಅದು. ಈಗ ಕೊಡ ಮಗುಚಿದಂತೆ ಚೆಲ್ಲುತ್ತದೆ. ಪಕ್ಕದ ಕೋಶಗಳು ಕೆರಳುತ್ತವೆ, ಅವುಗಳೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ, ಕೋಶದ ಒಳಗೋಡೆಗಳನ್ನೇ ಕರಗಿಸುವ ಕಿಣ್ವಗಳು ಚುರುಕಾಗುತ್ತವೆ. ಕೆಲವು ಕೋಶಗಳು ಆಗಲೇ ಸಾಯುತ್ತವೆ. ಇದು ಮೊದಲ ಏಟು.

ರಕ್ತ ಮತ್ತೆ ಹರಿದಾಗ ಉಳಿದ ಕೋಶಗಳು ಚೇತರಿಸಿಕೊಳ್ಳುತ್ತವೆ, ಪಂಪುಗಳು ನಡೆಯುತ್ತವೆ. 1980ರ ದಶಕದಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಇಂಥ ಮಕ್ಕಳ ಮೆದುಳಿನಲ್ಲಿ ಶಕ್ತಿಯ ಮಟ್ಟ ಎಷ್ಟಿದೆಯೆಂದು ಆಯಸ್ಕಾಂತದ ಯಂತ್ರದಲ್ಲಿ ಅಳೆದರು. ಹುಟ್ಟಿದ ಮೊದಲ ಗಂಟೆಗಳಲ್ಲಿ ಅದು ಸರಿಯಾಗಿಯೇ ಇತ್ತು. ಉಸಿರಾಟ ಸರಿಯಿದ್ದರೂ, ರಕ್ತದೊತ್ತಡ ಸರಿಯಿದ್ದರೂ ಮರುದಿನ ಅದು ಕುಸಿಯಿತು. ಬಣವೆಗೆ ಬಿದ್ದ ಬೆಂಕಿಯನ್ನು ಊರವರೆಲ್ಲ ಸೇರಿ ಆರಿಸಿ ಮನೆಗೆ ಹೋದ ಮೇಲೆ, ಒಳಗೆಲ್ಲೋ ಉಳಿದ ಕೆಂಡ ರಾತ್ರಿ ಗಾಳಿಗೆ ಹೊತ್ತಿಕೊಳ್ಳುತ್ತದಲ್ಲ, ಹಾಗೆ. ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾಗಳು ಕೈಕೊಡುತ್ತವೆ, ಉರಿಯೂತ ಹಬ್ಬುತ್ತದೆ, ಗಾಯಗೊಂಡ ಕೋಶಗಳು ತಮ್ಮನ್ನು ತಾವೇ ಕೊಂದುಕೊಳ್ಳುವ ಕ್ರಮಕ್ಕೆ ಬೀಳುತ್ತವೆ. ಹುಟ್ಟಿ ಸುಮಾರು ಆರು ಗಂಟೆಯ ನಂತರ ಶುರುವಾಗಿ ಮೂರು ದಿನ ನಡೆಯುವ ಈ ಎರಡನೆಯ ಏಟೇ ಎಷ್ಟೋ ಸಲ ಮೊದಲನೆಯದಕ್ಕಿಂತ ದೊಡ್ಡದು. ಸೆಳವು ಬರುವುದು ಈ ಹೊತ್ತಿನಲ್ಲೇ. ಕಾರ್ಡಿನ ‘14ನೆಯ ಗಂಟೆ’ ಆಕಸ್ಮಿಕವಲ್ಲ.

‘ಎರಡನೆಯ ಹಂತ’ ಎಂಬುದು ಸಾರ್ನಟ್ ಎಂಬ ವೈದ್ಯ ದಂಪತಿ 1976ರಲ್ಲಿ 21 ಮಕ್ಕಳನ್ನು ಗಮನಿಸಿ ಮಾಡಿದ ವಿಂಗಡಣೆ. ಮೊದಲ ಹಂತದ ಮಗು ಕಣ್ಣು ಅಗಲಿಸಿಕೊಂಡು ನಿದ್ದೆಯಿಲ್ಲದೆ ನೋಡುತ್ತಿರುತ್ತದೆ, ಸಣ್ಣ ಸದ್ದಿಗೂ ನಡುಗುತ್ತದೆ; ‘ಎಷ್ಟು ಚುರುಕು ನೋಡಿ’ ಎಂದು ನೆಂಟರು ಮೆಚ್ಚುವುದೂ ಉಂಟು. ಎರಡನೆಯ ಹಂತದ್ದು ಜಡ, ಮೈ ಸಡಿಲ, ಮೊಲೆ ಚೀಪಲು ಬಲವಿಲ್ಲ, ಸೆಳವು ಹೆಚ್ಚು. ಮೂರನೆಯದು ಕೋಮಾ. ವಿಚಿತ್ರವೆಂದರೆ ಮೂರನೆಯ ಹಂತದಲ್ಲಿ ಕಣ್ಣಿಗೆ ಕಾಣುವ ಸೆಳವು ಕಡಿಮೆಯಾಗಬಹುದು. ಅದು ಒಳ್ಳೆಯ ಸುದ್ದಿಯಲ್ಲ. ಸೆಳವು ಎಬ್ಬಿಸುವಷ್ಟೂ ವಿದ್ಯುತ್ ಆ ಮೆದುಳಿನಲ್ಲಿ ಉಳಿದಿರುವುದಿಲ್ಲ.

ಕಾಣದ ಸೆಳವು

ಫಿಟ್ಸ್ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ನೆಲಕ್ಕೆ ಬಿದ್ದು ಕೈಕಾಲು ಒದರುವ, ಬಾಯಲ್ಲಿ ನೊರೆ ಬರುವ ಚಿತ್ರ. ನವಜಾತ ಶಿಶುವಿಗೆ ಅಷ್ಟೊಂದು ಅಚ್ಚುಕಟ್ಟಾಗಿ ಸೆಳವು ಬರಲು ಸಾಧ್ಯವಿಲ್ಲ. ಮೆದುಳಿನ ಒಂದು ಭಾಗದ ಬಿರುಗಾಳಿಯನ್ನು ಇನ್ನೊಂದು ಭಾಗಕ್ಕೆ ಒಯ್ಯುವ ತಂತಿಗಳು ಇನ್ನೂ ಪೂರ್ತಿ ಹೆಣೆದುಕೊಂಡಿಲ್ಲ. ಆದ್ದರಿಂದ ಅದು ಕದ್ದುಮುಚ್ಚಿ ಕಾಣಿಸಿಕೊಳ್ಳುತ್ತದೆ: ಕಣ್ಣುಗುಡ್ಡೆ ಒಂದೇ ಕಡೆ ನಿಂತುಬಿಡುವುದು, ಹಾಲಿಲ್ಲದ ಬಾಯಿ ಚಪ್ಪರಿಸುವುದು, ಕಾಲುಗಳು ಸೈಕಲ್ ತುಳಿದಂತೆ ಆಡುವುದು, ಒಂದೇ ಕೈ ಲಯಬದ್ಧವಾಗಿ ಎಳೆಯುವುದು, ಉಸಿರು ಕೆಲವು ಕ್ಷಣ ನಿಂತು ಮತ್ತೆ ಶುರುವಾಗುವುದು.

ನಡುಕವೆಲ್ಲ ಸೆಳವಲ್ಲ. ಇದನ್ನು ಬೇರ್ಪಡಿಸಲು ದಾದಿಯರು ಮಾಡುವ ಒಂದು ಸರಳ ಪರೀಕ್ಷೆಯಿದೆ: ನಡುಗುವ ಕೈಯನ್ನು ಮೆಲ್ಲಗೆ ಮಡಿಸಿ ಹಿಡಿಯುತ್ತಾರೆ. ಬರೀ ನಡುಕವಾದರೆ ಹಿಡಿದ ಕೂಡಲೇ ನಿಲ್ಲುತ್ತದೆ. ಸೆಳವಾದರೆ ಹಿಡಿದ ಅಂಗೈಯೊಳಗೂ ಆ ಬಡಿತ ಮುಂದುವರಿಯುತ್ತದೆ. ಹಾಗೆಂದು ನೋಡಿದ ಕೂಡಲೇ ಎಲ್ಲವನ್ನೂ ಎಚ್‌ಐಇ ಖಾತೆಗೆ ಬರೆಯುವಂತಿಲ್ಲ. ಅನುಭವವುಳ್ಳ ದಾದಿ ಮೊದಲು ಹಿಮ್ಮಡಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತದಲ್ಲಿ ಸಕ್ಕರೆ ನೋಡುತ್ತಾಳೆ. ಸಕ್ಕರೆ ಕುಸಿದರೂ ಸೆಳವು ಬರುತ್ತದೆ, ಕ್ಯಾಲ್ಸಿಯಂ ಕುಸಿದರೂ ಬರುತ್ತದೆ, ಸೋಂಕು ಮೆದುಳಿಗೆ ಏರಿದರೂ ಬರುತ್ತದೆ. ಸಕ್ಕರೆಯ ಕೊರತೆಯಂತೂ ತಾನಾಗಿಯೇ ಮೆದುಳನ್ನು ಸುಡಬಲ್ಲದು, ಅದೂ ಹಿಂಭಾಗದ ದೃಷ್ಟಿಯ ಕೇಂದ್ರವನ್ನು. ಹಾಲು ಇಳಿಯಲಿಲ್ಲವೆಂದು ಮೂರು ದಿನ ಮಗುವಿಗೆ ಏನೂ ಸಿಗದ ಮನೆಗಳಲ್ಲಿ ಈ ಮಾತು ನೆನಪಿರಬೇಕು.

ಇನ್ನೂ ಕಷ್ಟದ ಸಂಗತಿ ಬೇರೆಯಿದೆ. ತಲೆಗೆ ತಂತಿ ಅಂಟಿಸಿ ಇಇಜಿ ತೆಗೆದಾಗ ಕಾಣುವ ಸೆಳವುಗಳಲ್ಲಿ ಮೂರನೆಯ ಒಂದು ಪಾಲು ಮಾತ್ರ ಮೈಯಲ್ಲಿ ಕಾಣಿಸಿಕೊಳ್ಳುತ್ತದೆ. ಉಳಿದದ್ದು ಒಳಗೊಳಗೇ. ಮಗು ಗಾಢ ನಿದ್ದೆಯಲ್ಲಿದೆ ಎಂದು ತಾಯಿ ನೋಡುತ್ತಿರುವಾಗ ಪರದೆಯ ಮೇಲೆ ಗೆರೆಗಳು ಏರಿಳಿಯುತ್ತಿರಬಹುದು. ಔಷಧ ಕೊಟ್ಟ ಮೇಲೆ ಈ ಬಿರುಕು ಇನ್ನೂ ದೊಡ್ಡದಾಗುತ್ತದೆ: ಕೈಕಾಲಿನ ಎಳೆತ ನಿಲ್ಲುತ್ತದೆ, ಮೆದುಳಿನ ವಿದ್ಯುತ್ ಗಲಭೆ ನಿಲ್ಲುವುದಿಲ್ಲ. ಎಲ್ಲರೂ ನಿಟ್ಟುಸಿರು ಬಿಡುತ್ತಾರೆ, ಮೆದುಳು ಮಾತ್ರ ಉರಿಯುತ್ತಲೇ ಇರುತ್ತದೆ.

ಯಾಕೆ ಹೀಗೆ? ಇದಕ್ಕೆ ಸಿಕ್ಕ ಉತ್ತರ ನನ್ನ ಮಟ್ಟಿಗೆ ಈ ಇಡೀ ವಿಷಯದ ಅತ್ಯಂತ ಸುಂದರ ಭಾಗ. ಸೆಳವು ನಿಲ್ಲಿಸಲು ಕೊಡುವ ಫೀನೋಬಾರ್ಬಿಟೋನ್ ಕೆಲಸ ಮಾಡುವುದು ಗಾಬಾ ಎಂಬ ರಾಸಾಯನಿಕದ ಕೈ ಬಲಪಡಿಸಿ. ದೊಡ್ಡವರ ಮೆದುಳಿನಲ್ಲಿ ಗಾಬಾ ಒಂದು ಬ್ರೇಕು. ಅದು ನರಕೋಶದ ಗೋಡೆಯಲ್ಲಿ ಕ್ಲೋರೈಡಿನ ಬಾಗಿಲು ತೆಗೆಯುತ್ತದೆ. ಹೊರಗೆ ಕ್ಲೋರೈಡ್ ಹೆಚ್ಚು, ಒಳಗೆ ಕಡಿಮೆ, ಆದ್ದರಿಂದ ಅದು ಒಳಗೆ ಹರಿದು ಕೋಶವನ್ನು ತಣ್ಣಗಾಗಿಸುತ್ತದೆ. ಆಗತಾನೇ ಹುಟ್ಟಿದ ಮಗುವಿನ ನರಕೋಶದಲ್ಲಿ ಕ್ಲೋರೈಡನ್ನು ಒಳಗೆ ತುಂಬುವ ಪಂಪು ಚುರುಕು, ಹೊರಗೆ ಹಾಕುವ ಪಂಪು ಇನ್ನೂ ಬೆಳೆದಿಲ್ಲ. ತೊಟ್ಟಿ ಮೊದಲೇ ತುಂಬಿದೆ. ಗಾಬಾ ಬಾಗಿಲು ತೆಗೆದರೆ ಕ್ಲೋರೈಡ್ ಹೊರಗೆ ಹರಿಯುತ್ತದೆ, ಕೋಶ ತಣ್ಣಗಾಗುವ ಬದಲು ಕೆರಳಬಹುದು. ಬ್ರೇಕ್ ಒತ್ತಿದರೆ ಗಾಡಿ ಓಡಿದಂತೆ. ಬೆಳವಣಿಗೆ ಮೆದುಳಿನ ತಳದಿಂದ ಮೇಲಕ್ಕೆ ಸಾಗುವುದರಿಂದ ತಳದ ಭಾಗಗಳಲ್ಲಿ ಬ್ರೇಕ್ ಮೊದಲು ಹಿಡಿಯುತ್ತದೆ, ಮೇಲಿನ ಹೊರಪದರದಲ್ಲಿ ತಡವಾಗಿ. ಔಷಧ ಕೊಟ್ಟಾಗ ಮೈಯ ಎಳೆತ ನಿಂತು ಮೇಲ್ಪದರದ ಗಲಭೆ ಉಳಿಯುವುದಕ್ಕೆ ಇದೂ ಒಂದು ಕಾರಣ.

ಆ ತುಂಬುವ ಪಂಪನ್ನೇ ತಡೆಯೋಣವೆಂದು ಬ್ಯುಮೆಟನೈಡ್ ಎಂಬ ಮೂತ್ರ ಹೆಚ್ಚಿಸುವ ಔಷಧವನ್ನು ಯುರೋಪಿನಲ್ಲಿ ಪರೀಕ್ಷಿಸಿದರು. ಕೆಲವು ಮಕ್ಕಳ ಕಿವಿ ಕೇಳದಾದಾಗ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಲೆವೆಟಿರಾಸಿಟಾಮ್ ಎಂಬ ಸೆಳವಿನ ಇನ್ನೊಂದು ಔಷಧ ಮೆದುಳಿಗೆ ಹೆಚ್ಚು ಮೃದು ಎಂಬ ನಿರೀಕ್ಷೆಯಿತ್ತು. 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಫೀನೋಬಾರ್ಬಿಟೋನ್ ಪಡೆದ ನೂರರಲ್ಲಿ 80 ಮಕ್ಕಳಿಗೆ 24 ಗಂಟೆ ಸೆಳವು ಬರಲಿಲ್ಲ. ಲೆವೆಟಿರಾಸಿಟಾಮ್ ಪಡೆದವರಲ್ಲಿ 28 ಮಕ್ಕಳಿಗೆ ಮಾತ್ರ. ಹೀಗೆ ನೂರು ವರ್ಷ ದಾಟಿದ ಹಳೆಯ ಔಷಧವೇ ಈಗಲೂ ಮೊದಲ ಆಯ್ಕೆ. ಸಿದ್ಧಾಂತ ಒಂದು ಹೇಳುತ್ತದೆ, ತೊಟ್ಟಿಲಿನಲ್ಲಿ ಮಲಗಿದ ಮಗು ಇನ್ನೊಂದು ಹೇಳುತ್ತದೆ. ಇಂಥ ಕಡೆ ಮಗುವಿನ ಮಾತೇ ನಡೆಯಬೇಕು.

ಔಷಧ ಎಷ್ಟು ದಿನ? ನಮ್ಮಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸಿರಪ್ ಮುಂದುವರಿಯುವುದುಂಟು. ಎಚ್‌ಐಇಯ ಸೆಳವು ಸಾಮಾನ್ಯವಾಗಿ ಮೊದಲ 24 ಗಂಟೆಯೊಳಗೆ ಶುರುವಾಗಿ ಮೂರು ನಾಲ್ಕು ದಿನಗಳಲ್ಲಿ ಇಳಿಯುತ್ತದೆ. ಅದು ಮೂರ್ಛೆರೋಗವಲ್ಲ, ಗಾಯದ ಪ್ರತಿಕ್ರಿಯೆ. ಸೆಳವು ನಿಂತ ಮಗುವನ್ನು ಮನೆಗೆ ಕಳುಹಿಸುವ ಮೊದಲೇ ಔಷಧ ನಿಲ್ಲಿಸಬಹುದೆಂದು ಮೂರ್ಛೆರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ 2023ರ ಮಾರ್ಗಸೂಚಿಯಲ್ಲಿ ಹೇಳಿದೆ. ಅಮೆರಿಕದಲ್ಲಿ ಎರಡು ವರ್ಷದವರೆಗೆ ಮಕ್ಕಳನ್ನು ಹಿಂಬಾಲಿಸಿದ ಅಧ್ಯಯನದಲ್ಲಿ ಬೇಗ ನಿಲ್ಲಿಸಿದವರಿಗೆ ಹಾನಿ ಕಾಣಲಿಲ್ಲ. ಇದನ್ನು ಓದಿ ಯಾರೂ ಮನೆಯಲ್ಲೇ ಸಿರಪ್ ನಿಲ್ಲಿಸಬಾರದು. ‘ಇದು ಇನ್ನೂ ಬೇಕೇ ಡಾಕ್ಟರೇ?’ ಎಂದು ಕೇಳುವ ಹಕ್ಕು ಮಾತ್ರ ಹೆತ್ತವರಿಗಿದೆ.

ತಂಪು

ಆರು ಗಂಟೆಯ ಬಿಡುವಿದೆಯೆಂದು ಗೊತ್ತಾದ ಮೇಲೆ ಅಷ್ಟರೊಳಗೆ ಕೆಂಡಕ್ಕೆ ನೀರು ಹಾಕುವುದು ಹೇಗೆಂಬ ಪ್ರಶ್ನೆ ಬಂತು. ನ್ಯೂಜಿಲೆಂಡಿನಲ್ಲಿ 1990ರ ದಶಕದಲ್ಲಿ ಕುರಿಯ ಭ್ರೂಣಗಳ ತಲೆಯನ್ನು ತಂಪಾಗಿಸಿ ನೋಡಿದಾಗ ನರಕೋಶಗಳು ಉಳಿದವು. 2005ರಲ್ಲಿ ಎರಡು, 2009ರಲ್ಲಿ ಮತ್ತೊಂದು ದೊಡ್ಡ ಪ್ರಯೋಗ ಮಕ್ಕಳಲ್ಲೂ ನಡೆದವು. ಆರು ಗಂಟೆಯೊಳಗೆ ಶುರುಮಾಡಿ ಮೈಯ ಶಾಖವನ್ನು 33.5 ಡಿಗ್ರಿ ಸೆಲ್ಸಿಯಸ್ಸಿಗೆ ಇಳಿಸಿ 72 ಗಂಟೆ ಅಲ್ಲೇ ಹಿಡಿದು, ಆಮೇಲೆ ನಿಧಾನವಾಗಿ ಬೆಚ್ಚಗಾಗಿಸುವುದು. ಹೀಗೆ ಮಾಡಿದ ಸುಮಾರು ಏಳು ಮಕ್ಕಳಲ್ಲಿ ಒಂದು ಮಗು, ತಂಪಿಲ್ಲದಿದ್ದರೆ ಆಗುತ್ತಿದ್ದ ಸಾವು ಅಥವಾ ದೊಡ್ಡ ಅಂಗವೈಕಲ್ಯದಿಂದ ಪಾರಾಯಿತು. ಶ್ರೀಮಂತ ದೇಶಗಳಲ್ಲಿ ಇದು ಕಡ್ಡಾಯ ಚಿಕಿತ್ಸೆಯೇ ಆಯಿತು.

ನಮ್ಮಲ್ಲೂ ಉತ್ಸಾಹ ಹುಟ್ಟಿತು. ದುಬಾರಿ ಯಂತ್ರವಿಲ್ಲದೆ, ಒಂದು ನಿಗದಿತ ಶಾಖದಲ್ಲಿ ಕರಗಿ ಅಲ್ಲೇ ನಿಲ್ಲುವ ವಸ್ತುವನ್ನು ತುಂಬಿದ ತೊಟ್ಟಿಲುಗಳೂ ಬಂದವು. ಆಮೇಲೆ ಹೀಲಿಕ್ಸ್ ಪ್ರಯೋಗದ ಫಲಿತಾಂಶ ಬಂತು. ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ ಏಳು ಆಸ್ಪತ್ರೆಗಳ 408 ಮಕ್ಕಳು ಇದರಲ್ಲಿದ್ದರು. ಬೆಂಗಳೂರಿನ ಮಕ್ಕಳೂ ಇದ್ದರು. 2021ರಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು. ತಂಪು ಪಡೆದ ನೂರರಲ್ಲಿ 42 ಮಕ್ಕಳು ತೀರಿಕೊಂಡಿದ್ದವು, ಪಡೆಯದವರಲ್ಲಿ 31. ಉಪಕಾರ ಕಾಣಲಿಲ್ಲ, ಸಾವು ಹೆಚ್ಚಿತ್ತು.

ಒಂದೇ ಚಿಕಿತ್ಸೆ, ಒಂದೇ ಶಾಖ, ಒಂದೇ 72 ಗಂಟೆ. ಫಲ ಮಾತ್ರ ಉಲ್ಟಾ. ಕಾರಣದ ಸುಳಿವು ಎಂಆರ್‌ಐ ಚಿತ್ರಗಳಲ್ಲಿದೆ, ಆದ್ದರಿಂದ ಅದನ್ನು ಓದುವ ಕ್ರಮ ಸ್ವಲ್ಪ ಹೇಳಬೇಕು. ಆಮ್ಲಜನಕ ಒಮ್ಮೆಲೇ ಪೂರ್ತಿ ನಿಂತರೆ, ಅಂದರೆ ಬಳ್ಳಿ ಜಾರಿದಾಗ ಅಥವಾ ಮಾಸು ಕಳಚಿದಾಗ, ಮೆದುಳಿನ ಆಳದಲ್ಲಿ ಸದಾ ದುಡಿಯುವ, ಚಲನೆಯನ್ನು ಹತೋಟಿಯಲ್ಲಿಡುವ ಗಂಟುಗಳು ಮೊದಲು ಬೀಳುತ್ತವೆ. ಸ್ವಲ್ಪಸ್ವಲ್ಪವೇ ಬಹಳ ಹೊತ್ತು ಕಡಿಮೆಯಾದರೆ ಎರಡು ದೊಡ್ಡ ರಕ್ತನಾಳಗಳ ಅಂಚಿನ ಪ್ರದೇಶ ಒಣಗುತ್ತದೆ. ತುಂಗಭದ್ರಾ ಕಾಲುವೆಯ ಕೊನೆಭಾಗದ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೇಲೆ ನೀರು ಕಡಿಮೆಯಾದ ವರ್ಷ ಮೊದಲು ಒಣಗುವುದು ಅವನ ಹೊಲ. ನಮ್ಮ ಕಡೆಯ ಮಕ್ಕಳಲ್ಲಿ ಎರಡನೆಯ ಬಗೆಯ, ಮೆದುಳಿನ ಬಿಳಿಭಾಗದ ಗಾಯ ಹೆಚ್ಚಾಗಿ ಕಂಡಿತು. ಎಂದರೆ ಇವರಲ್ಲಿ ಎಷ್ಟೋ ಮಕ್ಕಳ ಗಡಿಯಾರ ಹುಟ್ಟಿದಾಗ ಶುರುವಾದದ್ದಲ್ಲ, ಬಹಳ ಮೊದಲೇ ಓಡತೊಡಗಿತ್ತು. ನಾವು ಆರು ಗಂಟೆ ಎಂದು ಎಣಿಸುವಾಗ ಒಳಗೆ ಆ ಬಿಡುವು ಮುಗಿದೇ ಹೋಗಿರಬಹುದು.

ಇದರರ್ಥ ತಂಪು ಚಿಕಿತ್ಸೆಯೇ ವಿಷ ಎಂದಲ್ಲ. ಆಯ್ದ ಮಕ್ಕಳಿಗೆ, ಎಲ್ಲ ಸೌಕರ್ಯವಿರುವ ಘಟಕಗಳಲ್ಲಿ ಕೊಡುವವರು ಇಲ್ಲೂ ಇದ್ದಾರೆ, ವೈದ್ಯರ ನಡುವೆ ವಾದವೂ ನಡೆದಿದೆ. ನನಗೆ ತೋಚುವುದು ಇಷ್ಟು: ಆಸ್ಪತ್ರೆಯಲ್ಲಿ ತಂಪಿನ ಯಂತ್ರವಿದೆಯೇ ಎಂದು ಕೇಳುವುದಕ್ಕಿಂತ ಹೆರಿಗೆ ಕೋಣೆಯಲ್ಲಿ ಅರ್ಧ ಗಂಟೆಗೊಮ್ಮೆ ಮಗುವಿನ ಎದೆಬಡಿತ ಕೇಳುವವರು ಯಾರು ಎಂದು ಕೇಳುವುದು ಹೆಚ್ಚು ಬುದ್ಧಿವಂತಿಕೆ. ಅದು ನಿಮಿಷಕ್ಕೆ 110ರಿಂದ 160ರ ನಡುವೆ ಇರಬೇಕು. ಅಂದಹಾಗೆ ತಂಪಾಗಿಸುವುದು ಒಳಿತೋ ಅಲ್ಲವೋ, ಇಂಥ ಮಗುವಿಗೆ ಜ್ವರ ಏರುವುದಂತೂ ಕೆಡುಕೇ. ಬಾಣಂತಿ ಕೋಣೆಯ ಅಗ್ಗಿಷ್ಟಿಕೆ, ಸಾಂಬ್ರಾಣಿ ಹೊಗೆ, ನಾಲ್ಕು ಸುತ್ತು ಬಟ್ಟೆ ಈ ಮಗುವಿಗಲ್ಲ. ಹಾಗೆಂದು ಮನೆಯಲ್ಲಿ ತಾವಾಗಿಯೇ ತಂಪು ಮಾಡಲು ಹೋಗುವುದು ಇನ್ನೂ ದೊಡ್ಡ ಅಪಾಯ.

ಮನೆಗೆ ಬಂದ ಮೇಲೆ

ಹೆತ್ತವರು ಕೇಳುವ ಪ್ರಶ್ನೆ ಒಂದೇ: ಮುಂದೆ ಹೇಗಿರುತ್ತದೆ? ಮೊದಲ ಹಂತದ ಮಕ್ಕಳಲ್ಲಿ ಬಹುಪಾಲು ಚೆನ್ನಾಗಿರುತ್ತಾರೆ. ಮೂರನೆಯ ಹಂತದಲ್ಲಿ ಉಳಿಯುವವರೇ ಕಡಿಮೆ. ನಡುವಿನದ್ದಕ್ಕೆ ಯಾರೂ ಮೊದಲ ದಿನ ಉತ್ತರ ಕೊಡಲಾರರು. ಇಇಜಿಯಲ್ಲಿ ಸೆಳವಿಲ್ಲದ ಹೊತ್ತಿನ ಗೆರೆಗಳು ಒಂದೆರಡು ದಿನದಲ್ಲಿ ಸರಿಯಾಗುವುದು, ವಾರದೊಳಗೆ ಮಗು ಮೊಲೆಗೆ ಬಾಯಿ ಹಾಕಿ ಚೀಪುವುದು ಒಳ್ಳೆಯ ಲಕ್ಷಣ. ಆಮೇಲೆ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಲ್ಲಿ ಕತ್ತು, ಕೈ, ಕಣ್ಣು, ಕಿವಿ ಎಲ್ಲವನ್ನೂ ತಿಂಗಳು ತಿಂಗಳು ನೋಡಿಸಬೇಕು. ತಲೆಯ ಸುತ್ತಳತೆಯನ್ನೂ ಟೇಪಿನಿಂದ ಅಳೆಯುತ್ತಾರೆ. ಅದು ಬೆಳೆಯದೆ ನಿಂತರೆ ಒಳಗೆ ಮೆದುಳು ಬೆಳೆಯುತ್ತಿಲ್ಲ ಎಂದರ್ಥ.

ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿಗೆ ಆದ ತೊಂದರೆಯಿಂದ ಕೈಕಾಲಿನ ಚಲನೆ ಕೆಡುವ ಸ್ಥಿತಿ, ಬಂದ ಮಕ್ಕಳನ್ನೆಲ್ಲ ‘ಹೆರಿಗೆಯಲ್ಲಿ ಕೆಟ್ಟದ್ದು’ ಎನ್ನುವಂತೆಯೂ ಇಲ್ಲ. ಕಷ್ಟದ ಹೆರಿಗೆಯೇ ಕಾರಣವೆಂದು 1861ರಲ್ಲಿ ಲಂಡನ್ನಿನ ಡಾಕ್ಟರ್ ಲಿಟಲ್ ಹೇಳಿದ್ದರು. ಮನೋವಿಶ್ಲೇಷಣೆಗೆ ಹೆಸರಾಗುವ ಮುಂಚೆ ನರವೈದ್ಯನಾಗಿದ್ದ ಫ್ರಾಯ್ಡ್ 1897ರಲ್ಲಿ ಅದನ್ನು ಒಪ್ಪಲಿಲ್ಲ. ಕೆಲವು ಮಕ್ಕಳಲ್ಲಿ ಹೆರಿಗೆ ಕಷ್ಟವಾಗುವುದೇ ಗರ್ಭದಲ್ಲಿ ಮೊದಲೇ ಆದ ತೊಂದರೆಯ ಲಕ್ಷಣವಿರಬಹುದು ಎಂದ. ಇಬ್ಬರೂ ಪೂರ್ತಿ ತಪ್ಪಲ್ಲ.

ಕಾರ್ಡು ಬೀರು ಸೇರಿದ ಮೇಲೆ, ಮೂರರಿಂದ ಎಂಟು ತಿಂಗಳ ನಡುವೆ, ಇನ್ನೊಂದು ಬಗೆಯ ಸೆಳವು ಬರಬಹುದು. ನಿದ್ದೆಯಿಂದೆದ್ದ ಮಗು ಇದ್ದಕ್ಕಿದ್ದಂತೆ ತಲೆ ಮುಂದೆ ಬಾಗಿಸಿ ಎರಡೂ ಕೈ ಚಾಚುತ್ತದೆ, ಸಲಾಮು ಹೊಡೆದಂತೆ. ಒಂದು ಕ್ಷಣ. ಕೆಲವು ಸೆಕೆಂಡು ಬಿಟ್ಟು ಮತ್ತೆ. ಹೀಗೆ ಹತ್ತು, ಇಪ್ಪತ್ತು ಸಲ ಸರಣಿಯಾಗಿ. ಮನೆಯವರು ‘ಬೆಚ್ಚಿ ಬೀಳುತ್ತದೆ’, ‘ಹೊಟ್ಟೆ ನುಲಿ’, ‘ದೃಷ್ಟಿಯಾಗಿದೆ’ ಎನ್ನುತ್ತಾರೆ. ಹಿರಿಯರು ಬಾಲಗ್ರಹ ಎಂದು ಬರೆ ಹಾಕಿಸಲು ಕರೆದೊಯ್ಯುವುದು ಇನ್ನೂ ನಿಂತಿಲ್ಲ. ಹೊಟ್ಟೆಯ ಮೇಲೆ ಸುಟ್ಟ ಗುರುತು ಹೊತ್ತ ಹಸುಗೂಸುಗಳು ಆಸ್ಪತ್ರೆಗೆ ಬರುತ್ತವೆ. ಅಷ್ಟರಲ್ಲಿ ಮಗು ನಗುವುದನ್ನು ಮರೆತಿರುತ್ತದೆ.

ಇದನ್ನು ಮೊದಲು ವಿವರವಾಗಿ ಬರೆದವರು ಇಂಗ್ಲೆಂಡಿನ ವೈದ್ಯ ವಿಲಿಯಂ ಜೇಮ್ಸ್ ವೆಸ್ಟ್, 1841ರಲ್ಲಿ, ಲ್ಯಾನ್ಸೆಟ್ ಪತ್ರಿಕೆಗೆ ಬರೆದ ಕಾಗದದಲ್ಲಿ. ರೋಗಿ ಅವರ ಸ್ವಂತ ಮಗ. ನಾಲ್ಕು ತಿಂಗಳಾಗಿದ್ದಾಗ ತಲೆ ಸ್ವಲ್ಪ ಮುಂದೆ ಬಾಗುವುದನ್ನು ಕಂಡರು. ಮೊದಮೊದಲು ಅದು ಮಗುವಿನ ಆಟವೆಂದೇ ಭಾವಿಸಿದ್ದರು. ಆಮೇಲೆ ಜಿಗಣೆ ಕಚ್ಚಿಸಿದರು, ತಲೆಗೆ ತಣ್ಣೀರು ಹಾಕಿದರು, ವಸಡು ಕೊಯ್ದರು, ಅಫೀಮು ಕೊಟ್ಟರು. ಯಾವುದೂ ಹಿಡಿಯಲಿಲ್ಲ. ಇಂಥದ್ದನ್ನು ಬೇರೆ ಯಾರಾದರೂ ಕಂಡಿದ್ದೀರಾ ಎಂದು ಕೇಳಲೆಂದೇ ಆ ಕಾಗದ ಬರೆದರು. ಇಂದು ಅದಕ್ಕೆ ಅವರದೇ ಹೆಸರಿದೆ, ವೆಸ್ಟ್ ಸಿಂಡ್ರೋಮ್. ಎಸಿಟಿಎಚ್ ಚುಚ್ಚುಮದ್ದು, ಪ್ರೆಡ್ನಿಸೊಲೋನ್, ವಿಗಾಬಟ್ರಿನ್ ಎಂಬ ಔಷಧಗಳಿವೆ. ದಿನಗಳ ಲೆಕ್ಕದಲ್ಲಿ ಬೇಗ ಶುರುವಾದಷ್ಟೂ ಅವು ಹೆಚ್ಚು ಹಿಡಿಯುತ್ತವೆ. ವೈದ್ಯರ ಮುಂದೆ ಮಗು ಸಲಾಮು ಹೊಡೆಯದೇ ಇರಬಹುದು. ನಿದ್ದೆಯಿಂದೆದ್ದ ಹೊತ್ತಿನಲ್ಲಿ ಮೊಬೈಲಿನಲ್ಲಿ ತೆಗೆದ ಅರ್ಧ ನಿಮಿಷದ ವಿಡಿಯೊ ಮತ್ತು ಬೀರುವಿನ ತಳದ ಆ ಕಾರ್ಡು, ಇವೆರಡನ್ನೂ ಮೇಜಿನ ಮೇಲಿಟ್ಟರೆ ಅವರಿಗೆ ಅರ್ಧ ಕೆಲಸ ಮುಗಿದಂತೆ.